ಬಾಟಲಿಗಿಂತ ಮೊದಲು ಲೆಕ್ಕದ ಪುಸ್ತಕ ಓದಿದ ಮಲ್ಯರು

ಅಡಿಕೆಗೆ ರೇಟು ಬಂತು ಅಂದ್ರೆ ಸಾಕು, ಚನ್ನಗಿರಿ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಒಂದು ಸುದ್ದಿ ಹುಟ್ಟುತ್ತದೆ. ಇಂಥವರ ಮಗ ಬಾರ್ ಹಾಕ್ತಾನಂತೆ ಅನ್ನೋ ಸುದ್ದಿ. ಅದು ಸಂಜೆಯೊಳಗೆ ಹೊನ್ನಾಳಿ ದಾಟಿ ನ್ಯಾಮತಿ ಮುಟ್ಟುತ್ತದೆ. ಜಗಳೂರು ಕಡೆ ಮಳೆಯೂ ಕಮ್ಮಿ, ಅಡಿಕೆಯೂ ಕಮ್ಮಿ. ಆದರೂ ಬಾರ್ ಹಾಕಿದವನು ಕೆಟ್ಟದ್ದುಂಟೇ ಅನ್ನೋ ಮಾತು ಅಲ್ಲೂ ಇದೆ.

ಕೆಟ್ಟದ್ದುಂಟು ಸ್ವಾಮಿ! ಬಾರ್ ಅಂದ್ರೆ ನಾಲ್ಕು ಮೇಜು, ಒಂದು ಗಲ್ಲಾ, ಹಿಂದೊಂದು ಬಾಟಲಿ ಕಪಾಟು ಅಂದುಕೊಂಡು ಇಳಿದವರು ಬಾಗಿಲು ಹಾಕಿದ್ದೂ ಉಂಟು. ಈ ಧಂದೆಯನ್ನೂ ಕಲಿಯಬೇಕು. ಹಾಗಾದರೆ ಕಲಿತು ಮಾಡಿದವರು ಯಾರಾದರೂ ಇದ್ದರೇ? ಇದ್ದರು. ನಮ್ಮ ಕರ್ನಾಟಕದವರೇ, ಬಂಟ್ವಾಳದ ಮನೆತನದವರು. ಹೆಸರು ವಿಠ್ಠಲ್ ಮಲ್ಯ. ಮಗನ ಹೆಸರು ಗೊತ್ತಿಲ್ಲದವರಿಲ್ಲ. ಅಪ್ಪನ ಕತೆ ಗೊತ್ತಿರುವವರು ಕಮ್ಮಿ. ಈ ಸಲದ ಅಂಕಣ ಅವರದು.

ವಿಠ್ಠಲ್ ಮಲ್ಯರು ಹುಟ್ಟಿದ್ದು 1924ರ ಫೆಬ್ರವರಿ 8ರಂದು, ದೂರದ ಢಾಕಾದಲ್ಲಿ. ತಂದೆ ಲೆಫ್ಟಿನೆಂಟ್ ಕರ್ನಲ್ ಬಂಟ್ವಾಳ ಗಣಪತಿ ಮಲ್ಯರು ಬ್ರಿಟಿಷರ ಸೈನ್ಯದಲ್ಲಿ ಡಾಕ್ಟರು. ಮೂಲ ಮಾತ್ರ ನೇತ್ರಾವತಿ ದಂಡೆಯ ಬಂಟ್ವಾಳ, ಗೌಡ ಸಾರಸ್ವತ ಮನೆತನ. ಹುಡುಗ ಓದಿದ್ದು ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ, ಆಮೇಲೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಓದು ಮುಗಿಸಿ ದಕ್ಷಿಣ ಅಮೆರಿಕದ ಕಡೆ ತಿರುಗಾಡಿಕೊಂಡೂ ಬಂದರು.

ಡಾಕ್ಟರ ಮಗ, ದೊಡ್ಡ ಶಾಲೆಯಲ್ಲಿ ಓದಿದವನು. ಕೈ ತುಂಬ ಸಂಬಳದ ನೌಕರಿ ಹಿಡಿದು ಕೂರಬಹುದಿತ್ತು. ಕೂರಲಿಲ್ಲ. 1946-47ರ ಹೊತ್ತಿಗೆ ಈ ತರುಣ ಒಂದು ಕಂಪನಿಯ ಷೇರುಗಳನ್ನು ಕೊಳ್ಳತೊಡಗಿದರು. ಅದೇ ಯುನೈಟೆಡ್ ಬ್ರೂವರೀಸ್.

ಈ ಕಂಪನಿಯದೂ ಒಂದು ಕತೆ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಕಟ್ಟಿದ್ದು. ಐದರಲ್ಲಿ ಒಂದು ಬೆಂಗಳೂರಿನದು, ಇನ್ನೊಂದು ನೀಲಗಿರಿಯದು. ಗಿರಾಕಿಗಳು ಮುಖ್ಯವಾಗಿ ಬ್ರಿಟಿಷ್ ಸಿಪಾಯಿಗಳು. ದೊಡ್ಡ ದೊಡ್ಡ ಮರದ ಪೀಪಾಯಿಗಳಲ್ಲಿ ಬಿಯರ್ ತುಂಬಿ, ಎತ್ತಿನ ಗಾಡಿಯ ಮೇಲೆ ಹೇರಿ ದಂಡಿನ ಪ್ರದೇಶಗಳಿಗೆ ಸಾಗಿಸುತ್ತಿದ್ದರು.

ಈಗ ನೀವೇ ಯೋಚನೆ ಮಾಡಿ. 1947ರಲ್ಲಿ ಬಿಳಿಯರು ಗಂಟುಮೂಟೆ ಕಟ್ಟಿ ಹೊರಟಿದ್ದಾರೆ. ಸಿಪಾಯಿಗಳೂ ಹೊರಟಿದ್ದಾರೆ. ಬಿಯರ್ ಕಂಪನಿಯ ಗಿರಾಕಿಯೇ ಹಡಗು ಹತ್ತುತ್ತಿದ್ದಾನೆ! ಅಂಥ ಕಂಪನಿಯ ಷೇರು ಯಾರಿಗೆ ಬೇಕು? ವಿಠ್ಠಲ್ ಮಲ್ಯರಿಗೆ ಬೇಕಾಗಿತ್ತು. ಆ ವರ್ಷವೇ ಅವರು ಕಂಪನಿಯ ಮೊದಲ ಭಾರತೀಯ ಡೈರೆಕ್ಟರಾದರು. ಮರುವರ್ಷ, 1948ರಲ್ಲಿ, ಬಿಳಿಯ ಛೇರ್ಮನ್ನರ ಜಾಗದಲ್ಲಿ ತಾವೇ ಕುಳಿತರು. ಆಗ ವಯಸ್ಸು 24.

ಕುಳಿತ ಕುರ್ಚಿ ಎಂಥದ್ದು ಗೊತ್ತೇ? 1937ರಲ್ಲಿ ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಶುರು ಮಾಡಿದ ಪಾನನಿರೋಧ, 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಬಂತು. ದಕ್ಷಿಣ ಕನ್ನಡವೂ ಆಗ ಮದ್ರಾಸಿಗೇ ಸೇರಿತ್ತು. ಅಂದ್ರೆ ಬಿಯರ್ ಕಂಪನಿಯ ಛೇರ್ಮನ್ನರ ಪೂರ್ವಜರ ಊರಾದ ಬಂಟ್ವಾಳದಲ್ಲೇ ಬಿಯರ್ ಮಾರುವ ಹಾಗಿಲ್ಲ! ನಮ್ಮ ಜಗಳೂರಿನ ಮಗ್ಗುಲಿನ ಹರಪನಹಳ್ಳಿ, ಕೂಡ್ಲಿಗಿಗಳೂ ಬಳ್ಳಾರಿ ಜಿಲ್ಲೆಯೊಟ್ಟಿಗೆ ಮದ್ರಾಸಿನಲ್ಲೇ ಇದ್ದವು. ಜಗಳೂರು ಮಾತ್ರ ಮೈಸೂರು ಸೀಮೆ. ಹೊಲದ ಬದುವಿನ ಈಚೆ ಒಂದು ಕಾಯ್ದೆ, ಆಚೆ ಇನ್ನೊಂದು.

ಮಲ್ಯರು ಕಲಿತ ಮೊದಲ ಪಾಠ ಇಲ್ಲೇ ಇದೆ. ದವಸದ ಅಂಗಡಿಯವನಿಗೆ ಮಳೆ ದೇವರು. ಮದ್ಯದ ಅಂಗಡಿಯವನಿಗೆ ಸರ್ಕಾರವೇ ದೇವರು. ಸಂವಿಧಾನದ ಪ್ರಕಾರ ಮದ್ಯ ಆಯಾ ರಾಜ್ಯದ ಅಧಿಕಾರಕ್ಕೆ ಬಿಟ್ಟ ವಿಷಯ. ಒಂದೊಂದು ರಾಜ್ಯಕ್ಕೆ ಒಂದೊಂದು ಅಬಕಾರಿ ಕಾನೂನು, ಒಂದೊಂದು ತೆರಿಗೆ. ಗಡಿ ದಾಟಿಸಿದರೆ ಮತ್ತೆ ಸುಂಕ. ಒಂದೇ ಊರಿನಲ್ಲಿ ಕಾರ್ಖಾನೆ ಇಟ್ಟುಕೊಂಡು ಇಡೀ ದೇಶಕ್ಕೆ ಮಾರುತ್ತೇನೆ ಅಂದ್ರೆ ಆಗದು. ಒಂದು ರಾಜ್ಯ ಬಾಗಿಲು ಹಾಕಿದ ದಿನ ಇನ್ನೊಂದರಲ್ಲಿ ಬಾಗಿಲು ತೆರೆದಿರಬೇಕು. ಮಲ್ಯರ ಮುಂದಿನ 35 ವರ್ಷಗಳ ವ್ಯಾಪಾರವನ್ನು ನೋಡಿದರೆ ಈ ಪಾಠ ಅದರ ತುಂಬ ಕಾಣುತ್ತದೆ.

1951ರಲ್ಲಿ ಅವರು ಮ್ಯಾಕ್‌ಡೊವೆಲ್ ಕಂಪನಿಯನ್ನು ಕೊಂಡರು. 1826ರಷ್ಟು ಹಳೆಯ ಹೆಸರು. ಹೊರದೇಶದ ವೈನು, ವಿಸ್ಕಿ ತರಿಸಿ ಮಾರುವುದು ಅದರ ಕಸುಬು. ಸ್ವಾತಂತ್ರ್ಯ ಬಂದ ಮೇಲೆ ಹೊರಗಿನ ಮದ್ಯ ತರಿಸುವುದಕ್ಕೆ ಸರ್ಕಾರ ಕಡಿವಾಣ ಬಿಗಿಯುತ್ತಾ ಬಂತು. ತರಿಸಿ ಮಾರುವವನಿಗೆ ತರಿಸುವುದೇ ಬಂದ್ ಆದರೆ ಗತಿ? ಮಲ್ಯರು ಇಲ್ಲೇ ತಯಾರಿಸುವ ದಾರಿ ಹಿಡಿದರು. 1959ರಲ್ಲಿ ಕೇರಳದ ಚೇರ್ತಲದಲ್ಲಿ ಡಿಸ್ಟಿಲರಿ ಎದ್ದಿತು. 60ರ ದಶಕದಲ್ಲಿ ಮೊದಲು ಬ್ರಾಂದಿ, ಆಮೇಲೆ ವಿಸ್ಕಿ ಅಲ್ಲಿಂದ ಹೊರಬಂತು. ಇವತ್ತು ನಮ್ಮ ಹಳ್ಳಿಯವರೂ ನಂಬರ್ ಒನ್ ಅಂತ ಕೇಳುವ ಬಾಟಲಿಯ ಬೇರು ಇರುವುದು ಅಲ್ಲಿ.

ಎರಡನೇ ಪಾಠವನ್ನು ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೋಟದಲ್ಲಿ ಅಡಿಕೆಯೊಂದೇ ಇಟ್ಟವನು ರೇಟು ಬಿದ್ದ ವರ್ಷ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ನಡುನಡುವೆ ಬಾಳೆ, ಮೆಣಸು ಇಟ್ಟವನು ಹೇಗೋ ದಾಟುತ್ತಾನೆ. ಮಲ್ಯರೂ ಹಾಗೇ. 1950ರಲ್ಲೇ ಕಿಸಾನ್ ಅವರ ಕೈಗೆ ಬಂತು. ಹೌದು, ಮಕ್ಕಳ ಬ್ರೆಡ್ಡಿಗೆ ಹಚ್ಚುವ ಜಾಮಿನ ಕಿಸಾನೇ. ಬಿಯರಿಗೆ ಬಾಗಿಲು ಹಾಕಿದರೂ ಜಾಮಿಗೆ ಹಾಕುವವರಿಲ್ಲ ನೋಡಿ! 1976ರಲ್ಲಿ ಬ್ರಿಟಿಷ್ ಪೇಂಟ್ಸ್ ಕಂಪನಿಯ ಪಾಲೂ ಬಂತು. ವಿದೇಶಿ ಕಂಪನಿಗಳು ಇಲ್ಲಿನ ತಮ್ಮ ಪಾಲು ಇಳಿಸಿಕೊಳ್ಳಬೇಕು ಅನ್ನುವ 1973ರ ಕಾಯ್ದೆಯಿಂದ ಅನೇಕರಿಗೆ ತಲೆನೋವಾಗಿತ್ತು. ಅದನ್ನು ಕೂತು ಓದಿದ ಮಲ್ಯರಿಗೆ ಅದು ದಾರಿಯಾಯಿತು.

ಹೀಗೆ ಕಂಪನಿಯ ಮೇಲೆ ಕಂಪನಿ ಕೊಂಡ ಮನುಷ್ಯ ಹೇಗಿದ್ದರು? ಮದ್ಯದ ದೊರೆ ಅಂದ್ರೆ ಮೆರೆದಾಟ, ಪಾರ್ಟಿ, ಫೋಟೋ ಅಂತ ನೆನಪಾಗುತ್ತದೆ. ಈ ಮನುಷ್ಯ ಅದಕ್ಕೆ ತದ್ವಿರುದ್ಧ. ಪತ್ರಿಕೆಯವರ ಕಣ್ಣಿಗೆ ಬೀಳುವುದೇ ಬೇಡ ಅನ್ನುವ ಸ್ವಭಾವ. ಕಾಸಿಗೆ ಕಾಸು ಲೆಕ್ಕ ಇಡುವವರು, ದುಂದು ಕಂಡರೆ ಆಗದವರು ಎಂದೇ ಅವರನ್ನು ಕಂಡವರು ನೆನೆಯುತ್ತಿದ್ದರು. ಬ್ಯಾಲೆನ್ಸ್ ಷೀಟು ಓದುವುದರಲ್ಲಿ, ತೆರಿಗೆ ಕಾನೂನಿನ ಸಂದುಗೊಂದು ತಿಳಿಯುವುದರಲ್ಲಿ ಪಳಗಿದ ಕೈ. ಬಾಟಲಿಯ ಧಂದೆಯನ್ನು ಅವರು ಕಲಿತದ್ದು ಲೆಕ್ಕದ ಪುಸ್ತಕದಿಂದ.

ಅದೆಲ್ಲ ದೊಡ್ಡವರ ಮಾತಾಯಿತು, ನಮ್ಮ ಹೊನ್ನಾಳಿಯ ಬಾರಿಗೆ ಏನು ಸಂಬಂಧ ಅಂತೀರಾ? ಇಲ್ಲಿದೆ ಲೆಕ್ಕ. ಒಂದು ಫುಲ್ ಬಾಟಲಿಯಲ್ಲಿ 750 ಮಿಲಿ. ಸಣ್ಣ ಪೆಗ್ಗು 30 ಮಿಲಿ. ಭರ್ತಿ 25 ಪೆಗ್ಗು ಬರಬೇಕು. ಸಪ್ಲೈಯರ್ ಹುಡುಗ ಅಳತೆ ಬಿಟ್ಟು ಅಂದಾಜಿನ ಮೇಲೆ ಪೆಗ್ಗಿಗೆ ಮೂರೇ ಮಿಲಿ ಹೆಚ್ಚು ಸುರಿದ ಅನ್ನಿ. 25 ಬರಬೇಕಾದಲ್ಲಿ ಬರುವುದು 22. ಬಾಟಲಿಗೆ ಎರಡು ಪೆಗ್ಗಿನ ಮೇಲೆ ಗಾಳಿಗೆ ಹೋಯಿತು! ದಿನಕ್ಕೆ ಹತ್ತು ಬಾಟಲಿ ಒಡೆದರೆ ತಿಂಗಳಿಗೆ ಎಷ್ಟಾಯಿತು, ನೀವೇ ಗುಣಿಸಿ. ಅದೇ ಹುಡುಗ ಮೂರು ಮಿಲಿ ಕಮ್ಮಿ ಸುರಿದರೆ? ಮಾಲೀಕನಿಗೆ ಲಾಭ ಅಂತ ಕಾಣುತ್ತದೆ. ಆದರೆ ಅದು ಗಿರಾಕಿಯ ಜೇಬಿಗೆ ಕತ್ತರಿ, ಕಾನೂನಿಗೂ ತಪ್ಪು. ಅಳತೆ ಗೊತ್ತಿರುವ ಗಿರಾಕಿ ಮರುದಿನ ಪಕ್ಕದ ಬಾರಿಗೆ ಹೋಗುತ್ತಾನೆ.

ಸ್ಟಾಕಿನದೂ ಇದೇ ಕತೆ. ಬ್ರಾಂದಿ, ವಿಸ್ಕಿ ಕಪಾಟಿನಲ್ಲಿ ವರ್ಷ ಕೂತರೂ ಕೆಡದು. ಬಿಯರ್ ಹಾಗಲ್ಲ, ಅದಕ್ಕೆ ತಿಂಗಳುಗಳ ಆಯುಷ್ಯ ಅಷ್ಟೇ. ಬಿಸಿಲು, ಸೆಕೆ ತಾಗಿದರೆ ಇನ್ನೂ ಬೇಗ ರುಚಿ ಕೆಡುತ್ತದೆ. ಮೊದಲು ಬಂದ ಕೇಸು ಮೊದಲು ಹೋಗಬೇಕು. ರಾತ್ರಿ ಗಲ್ಲಾ ಮುಚ್ಚುವಾಗ ಬಾಟಲಿ ಎಣಿಕೆಯೂ, ರಿಜಿಸ್ಟರಿನ ಎಣಿಕೆಯೂ, ನಗದೂ ಮೂರೂ ಒಂದೇ ಹೇಳಬೇಕು. ಒಂದು ಬೇರೆ ಹೇಳಿತೋ, ಎಲ್ಲೋ ತೂತಿದೆ ಅಂತಲೇ ಅರ್ಥ. ಅಬಕಾರಿ ಇನ್ಸ್‌ಪೆಕ್ಟರು ಬಂದು ತೂತು ತೋರಿಸುವ ಮುಂಚೆ ಮಾಲೀಕನೇ ಹುಡುಕಿಕೊಳ್ಳುವುದು ಲೇಸು.

ಇನ್ನು ಸರ್ಕಾರದ ಹುಕುಂ. 1977ರಲ್ಲಿ ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾದರು. ಅವರು ಕಟ್ಟಾ ಪಾನನಿರೋಧವಾದಿ, ದೇಶಕ್ಕೆಲ್ಲ ಪಾನನಿರೋಧ ತರುವ ಹಂಬಲ. ಮದ್ಯದವರೆಲ್ಲ ನಡುಗಿದ ಕಾಲ ಅದು. ಮಲ್ಯರ ಕಂಪನಿಯಿಂದ ಕಿಂಗ್‌ಫಿಷರ್ ಬಿಯರ್ ಮಾರುಕಟ್ಟೆಗೆ ಬಂದದ್ದು ಅದೇ ಕಾಲದಲ್ಲಿ, 1978ರಲ್ಲಿ! ಜಾಮು, ಬಣ್ಣಗಳ ವ್ಯಾಪಾರ ಬೆನ್ನಿಗಿದ್ದವನಿಗೆ ಮಾತ್ರ ಅಂಥ ಧೈರ್ಯ ಬರುತ್ತದೆ. 1979ರಲ್ಲಿ ಆ ಸರ್ಕಾರ ಹೋಯಿತು. ಬಿಯರ್ ಉಳಿಯಿತು.

ನಮ್ಮ ಜಿಲ್ಲೆಯವರಿಗೂ ಇಂಥ ಹುಕುಮುಗಳ ಪರಿಚಯ ಚೆನ್ನಾಗಿಯೇ ಇದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್. ತಲೆಮಾರುಗಳಿಂದ ಸಾರಾಯಿ ಕಂಟ್ರಾಕ್ಟನ್ನೇ ನಂಬಿದ್ದ ಕುಳಗಳ ಧಂದೆ ಒಂದು ರಾತ್ರಿಯಲ್ಲಿ ಮುಗಿಯಿತು. 2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನ್. ಬಾರ್ ಬಾಗಿಲು ಬಿತ್ತು, ಒಳಗಿದ್ದ ಬಿಯರಿನ ಆಯುಷ್ಯ ಓಡುತ್ತಲೇ ಇತ್ತು, ಬಾಡಿಗೆಯೂ ಓಡುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು ಇಟ್ಟುಕೊಂಡವರು ತಡೆದರು. ಸಾಲದ ಮೇಲೆ ಸಾಲ ಮಾಡಿದವರ ಪಾಡು ಹೇಳುವುದು ಬೇಡ.

ವಿಠ್ಠಲ್ ಮಲ್ಯರು 1983ರ ಅಕ್ಟೋಬರ್ 13ರಂದು ತೀರಿಕೊಂಡರು. 60 ಕೂಡ ತುಂಬಿರಲಿಲ್ಲ. ಬೆಂಗಳೂರಿನಲ್ಲಿ ಹಿಂದೆ ಗ್ರಾಂಟ್ ರೋಡು ಅಂತ ಇದ್ದ ರಸ್ತೆಗೆ ಅವರ ಹೆಸರಿದೆ. ಮಗ ವಿಜಯ್ ಮಲ್ಯ 27ನೇ ವಯಸ್ಸಿಗೆ ಗಾದಿಗೆ ಬಂದರು. ಮದ್ಯದ ವ್ಯಾಪಾರವನ್ನು ಅಪ್ಪನಿಗಿಂತ ಎಷ್ಟೋ ಪಾಲು ದೊಡ್ಡದು ಮಾಡಿದರು, ಅದು ಸುಳ್ಳಲ್ಲ. ಆಮೇಲೆ 2005ರಲ್ಲಿ ವಿಮಾನ ಹಾರಿಸಿದರು. 2012ರಲ್ಲಿ ವಿಮಾನ ನಿಂತಿತು, ಬ್ಯಾಂಕಿನ ಸಾಲ ನಿಲ್ಲಲಿಲ್ಲ. 2016ರಲ್ಲಿ ದೇಶ ಬಿಟ್ಟರು. 2019ರಲ್ಲಿ ಮುಂಬೈಯ ನ್ಯಾಯಾಲಯ ಅವರನ್ನು ದೇಶ ಬಿಟ್ಟು ಓಡಿದ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ಬ್ಯಾಂಕುಗಳು ಕೊಡಬೇಕಾದ್ದಕ್ಕಿಂತ ಹೆಚ್ಚೇ ವಸೂಲು ಮಾಡಿಕೊಂಡಿವೆ ಎಂಬುದು ಅವರ ವಾದ. ಅದೇನೇ ಇರಲಿ, ಅಪ್ಪ ಕೊಂಡ ಮ್ಯಾಕ್‌ಡೊವೆಲ್ ಈಗ ಬ್ರಿಟನ್ನಿನ ಡಿಯಾಜಿಯೋ ಕೈಯಲ್ಲಿದೆ. ಅಪ್ಪ 24ನೇ ವಯಸ್ಸಿಗೆ ಬಿಳಿಯರಿಂದ ಪಡೆದ ಬಿಯರ್ ಕಂಪನಿಯ ಹಿಡಿತ 2021ರಲ್ಲಿ ಹಾಲೆಂಡಿನ ಹೈನೆಕೆನ್ ಪಾಲಾಯಿತು. ಕಂಪನಿ ಉಳಿಯಿತು, ಮನೆತನದ ಕೈ ತಪ್ಪಿತು.

ಒಂದು ವ್ಯಾಪಾರದಲ್ಲಿ ಬಂದ ದುಡ್ಡನ್ನು ಇನ್ನೊಂದಕ್ಕೆ ಹಾಕುವುದು ಅಪ್ಪನೂ ಮಾಡಿದ್ದೇ, ಮಗನೂ ಮಾಡಿದ್ದೇ. ಅಪ್ಪ ಹಾಕಿದ್ದು ಒಂದು ಮುಳುಗಿದರೆ ಇನ್ನೊಂದು ಎತ್ತಲಿ ಅಂತ. ಮಗ ಹಾಕಿದ್ದು ಮುಳುಗಿದಾಗ ಉಳಿದದ್ದನ್ನೂ ಎಳೆದುಕೊಂಡು ಹೋಯಿತು. ಬಾರ್ ಚೆನ್ನಾಗಿ ನಡೀತಿದೆ ಅಂತ ಕಂತಿನ ಮೇಲೆ ಬಸ್ಸು, ಲಾರಿ, ಸೈಟು ಅಂತ ಹೊರಡುವ ನಮ್ಮೂರ ಹುಡುಗರು ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಕೊನೆಗೆ ಒಂದು ಮಾತು. ಮಲ್ಯರು ಎಷ್ಟೇ ಪಕ್ಕಾ ಲೆಕ್ಕ ಇಟ್ಟರೂ ಅವರ ಪುಸ್ತಕಕ್ಕೆ ಏರದ ಒಂದು ಲೆಕ್ಕವಿದೆ. ಯಾವ ಮದ್ಯದ ಕಂಪನಿಯ ಪುಸ್ತಕಕ್ಕೂ ಅದು ಏರುವುದಿಲ್ಲ. ಅದು ಕುಡಿಯುವವನ ಮನೆಯ ಲೆಕ್ಕ. ಬಾರ್ ಮಾಲೀಕನಿಗೆ ಅದು ಕಾಣದೆ ಇರುವುದಿಲ್ಲ, ಗಿರಾಕಿ ಎದುರಿಗೇ ಕೂತಿರುತ್ತಾನಲ್ಲ! ಯಾರ ಕೈಯಲ್ಲಿ ಇವತ್ತಿನ ಕೂಲಿಯಿದೆ, ಯಾರ ಕೈಯಲ್ಲಿ ಮಗಳ ಫೀಸಿನ ದುಡ್ಡಿದೆ ಅಂತ ಊರಿನವನಾದ ಅವನಿಗೆ ಗೊತ್ತಿರುತ್ತದೆ. ಅಂಥವನಿಗೆ ಇವತ್ತಿಗೆ ಸಾಕಪ್ಪ, ಮನೆಗೆ ಹೋಗು ಅನ್ನುವುದನ್ನೂ ಬಾರ್ ನಡೆಸುವವನು ಕಲಿಯಬೇಕು. ಹಾಗೆ ಅಂದರೆ ಒಂದು ಕ್ವಾರ್ಟರಿನ ವ್ಯಾಪಾರ ಹೋಗುತ್ತದೆ, ನಿಜ. ಆದರೆ ಜಗಳೂರಿನ ಕೊನೇ ಬಸ್ಸಿಗೆ ಆ ಮನುಷ್ಯ ನೆಟ್ಟಗೆ ಹತ್ತುತ್ತಾನೆ.