ಡಿ.ವಿ. ಗುಂಡಪ್ಪ: ಪತ್ರಿಕಾವೃತ್ತಿ ಮತ್ತು ಲೋಕಸೇವೆ

‘ಮಂಕುತಿಮ್ಮನ ಕಗ್ಗ’ದ ಕವಿಯೆಂದು ನಾಡಿಗೆ ಪರಿಚಿತರಾದ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ವೃತ್ತಿಯಿಂದ ಪತ್ರಕರ್ತರು. ಇವರು 1887ರ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಜೀವನೋಪಾಯವನ್ನರಸಿ ಬೆಂಗಳೂರಿಗೆ ಬಂದು, ಪತ್ರಿಕೆಗಳಲ್ಲಿ ದುಡಿಯುತ್ತಲೇ ರಾಜ್ಯಶಾಸ್ತ್ರವನ್ನು ಸ್ವಂತ ಪರಿಶ್ರಮದಿಂದ ಅಭ್ಯಸಿಸಿದರು.

ಮೈಸೂರು ಸಂಸ್ಥಾನದಲ್ಲಿ ಅದು ಪತ್ರಿಕೆಗಳಿಗೆ ಕಷ್ಟದ ಕಾಲವಾಗಿತ್ತು. 1908ರ ವೃತ್ತಪತ್ರಿಕಾ ಕಾಯಿದೆಯನ್ವಯ ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡಿಸುವಂತಿರಲಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೇರಿದಂತೆ ಸಂಸ್ಥಾನದ ಎಲ್ಲ ತಾಲ್ಲೂಕುಗಳ ಪ್ರಜೆಗಳಿಗೂ ಈ ನಿರ್ಬಂಧ ಅನ್ವಯಿಸುತ್ತಿತ್ತು. ಇದನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರಂತಹ ಹಿರಿಯರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಂತಹ ಸನ್ನಿವೇಶದಲ್ಲಿ ಗುಂಡಪ್ಪನವರು 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ವಾರಕ್ಕೆರಡು ಬಾರಿ ಪ್ರಕಟವಾಗುತ್ತಿದ್ದ ಇದು ದೇಶೀಯ ಸಂಸ್ಥಾನಗಳ ಪ್ರಜೆಗಳ ಹಕ್ಕುಬಾಧ್ಯತೆಗಳನ್ನು ಕುರಿತು ಗಂಭೀರವಾಗಿ ಚರ್ಚಿಸಿತು. ದಿವಾನ್ ವಿಶ್ವೇಶ್ವರಯ್ಯನವರಲ್ಲಿ ಸಂಪಾದಕರಿಗೆ ಅಪಾರ ಗೌರವವಿತ್ತು. ಆದರೂ ಸ್ನೇಹವೇ ಬೇರೆ, ಪತ್ರಿಕೆಯ ಅಭಿಪ್ರಾಯವೇ ಬೇರೆ ಎಂಬುದು ಅವರ ನಿಲುವಾಗಿತ್ತು. ಹಣದ ಅಡಚಣೆಯಿಂದ ಪತ್ರಿಕೆ 1921ರಲ್ಲಿ ನಿಂತಿತು.

ಸರ್ಕಾರಕ್ಕಾಗಿ ಮಾಡಿದ ಬರವಣಿಗೆಗೆ ಸಂಭಾವನೆಯಾಗಿ ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಕೊಳ್ಳದೆ ಇರಿಸಿದ್ದರೆಂದೂ, ಅವು ಅವರ ನಿಧನಾನಂತರ ಮನೆಯಲ್ಲಿ ದೊರೆತವೆಂದೂ ಬಲ್ಲವರು ಹೇಳುತ್ತಾರೆ. ಹಣ ಪಡೆದರೆ ಲೇಖನಿಯ ಸ್ವಾತಂತ್ರ್ಯಕ್ಕೆ ಧಕ್ಕೆ ಬರುವುದೆಂಬ ಸಂಕೋಚ ಇದಕ್ಕೆ ಕಾರಣ. ಸಂಸಾರದ ಬಡತನವನ್ನು ನೆನೆದರೆ ಈ ಸಂಕೋಚದ ಬೆಲೆ ಅಲ್ಪವಾದುದಲ್ಲ.

1928ರಲ್ಲಿ ಬಾಗಲಕೋಟೆಯಲ್ಲಿ ಜರುಗಿದ ಪತ್ರಕರ್ತರ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಅವರ ‘ವೃತ್ತಪತ್ರಿಕೆ’ ಗ್ರಂಥವು ಈ ವೃತ್ತಿಯನ್ನು ಕುರಿತ ಕನ್ನಡದ ಮೊದಲ ಪುಸ್ತಕಗಳಲ್ಲೊಂದು. ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿಯೂ ಸೇವೆ ಸಲ್ಲಿಸಿದರು. ಪ್ರಜೆಗಳಿಗೆ ಸಾರ್ವಜನಿಕ ವಿಷಯಗಳ ತಿಳಿವಳಿಕೆ ನೀಡುವ ಸಲುವಾಗಿ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. 1970ರಲ್ಲಿ ನಾಡಿನ ಜನತೆ ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಪೂರ್ಣವಾಗಿ ಆ ಸಂಸ್ಥೆಗೇ ನೀಡಿದರು. 1974ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. 1975ರ ಅಕ್ಟೋಬರ್ 7ರಂದು ನಿಧನರಾದರು. ಸಂಸ್ಥೆಯು ಬಸವನಗುಡಿಯ ಬಳಿ ನರಸಿಂಹರಾಜ ಕಾಲೋನಿಯಲ್ಲಿದೆ.