ಲೂಸಿ ವಿಲ್ಸ್: ಬಸುರಿಯರ ರಕ್ತಹೀನತೆಗೆ ಮದ್ದು ಹುಡುಕಿದ ವೈದ್ಯೆ

ನಿಮ್ಮ ಮನೆಯ ಅಕ್ಕನೋ ಭಾಭಿಯೋ ಬಸುರಿಯಾಗಿದ್ದಾಗ ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆಯನ್ನು ನೀವು ನೋಡಿರಬಹುದು. ಅದರಲ್ಲಿ ಕಬ್ಬಿಣದ ಜೊತೆಗೆ ಫೋಲಿಕ್ ಆಮ್ಲವೂ ಇರುತ್ತದೆ. ವಿದ್ಯಾರ್ಥಿಗಳಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲೂ ಇವೇ ಎರಡು. ಈ ಫೋಲಿಕ್ ಆಮ್ಲದ ಮೊದಲ ಸುಳಿವು ಸಿಕ್ಕಿದ್ದು ನಮ್ಮ ದೇಶದಲ್ಲೇ, ಮುಂಬಯಿಯ ಬಡ ಬಸುರಿಯರ ನಡುವೆ. ಅದನ್ನು ಹುಡುಕಿದವರು ಡಾ. ಲೂಸಿ ವಿಲ್ಸ್.

1888ರ ಮೇ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿ ಹುಟ್ಟಿದ ಲೂಸಿ, ಕೇಂಬ್ರಿಡ್ಜ್‌ನಲ್ಲಿ ಸಸ್ಯಶಾಸ್ತ್ರ ಮತ್ತು ಭೂಗರ್ಭಶಾಸ್ತ್ರ ಓದಿದರು. ಹೆಣ್ಣುಮಕ್ಕಳು ಪರೀಕ್ಷೆ ಪಾಸಾದರೂ ಅಲ್ಲಿ ಆಗ ಪದವಿ ಕೊಡುತ್ತಿರಲಿಲ್ಲ. ಭೂಗರ್ಭಶಾಸ್ತ್ರ ಓದಿದಾಕೆ ನಮ್ಮ ಕೋರಮಂಡಲ್ ಗಣಿಗಳ ಕಡೆಗೂ ಬರಬಹುದಿತ್ತೇನೋ! ಆದರೆ ಅವರು ಲಂಡನ್ನಿನ ಮಹಿಳಾ ವೈದ್ಯಕೀಯ ಕಾಲೇಜು ಸೇರಿ 1920ರಲ್ಲಿ ವೈದ್ಯೆಯಾದರು.

1928ರಲ್ಲಿ ಮುಂಬಯಿಯ ಹಾಫ್ಕಿನ್ ಸಂಸ್ಥೆಗೆ ಬಂದರು. ಬಸಿರಿನಲ್ಲಿ ರಕ್ತ ತೆಳುವಾಗಿ ತಾಯಂದಿರು ಸಾಯುತ್ತಿದ್ದ ಕಾಲವದು. ಲೂಸಿ ಮೊದಲು ರೋಗಾಣುವನ್ನು ಹುಡುಕಿದರು, ಸಿಗಲಿಲ್ಲ. ಆಮೇಲೆ ಯಾರು ಏನು ಉಣ್ಣುತ್ತಾರೆಂದು ನೋಡತೊಡಗಿದರು. ಊಟ ಅತ್ಯಂತ ಕಳಪೆಯಾಗಿದ್ದದ್ದು ಬಡ ಮುಸ್ಲಿಂ ಹೆಂಗಸರಲ್ಲಿ. ಈ ಕಾಯಿಲೆ ಹೆಚ್ಚಾಗಿದ್ದದ್ದೂ ಅವರಲ್ಲೇ. ತಪ್ಪು ಮತದ್ದಲ್ಲ, ತಟ್ಟೆಯದ್ದು ಎಂಬುದನ್ನು ಮರೆಯಬೇಡಿ.

ಅದೇ ಊಟವನ್ನು ಇಲಿಗಳಿಗೆ ಹಾಕಿದರು. ಅವುಗಳಿಗೂ ರಕ್ತಹೀನತೆ ಬಂತು, ಬಸುರಿ ಇಲಿಗಳು ಹೆರುವ ಮೊದಲೇ ಸತ್ತವು. ಹೇನಿನಿಂದ ಹರಡುವ ಸೋಂಕೊಂದು ಇಲಿಗಳಲ್ಲಿ ಕಾಣಿಸಿಕೊಂಡು ಲೆಕ್ಕವೇ ಗೊಂದಲವಾಯಿತು. ಲೂಸಿ ಕೈಬಿಡದೆ ಕೋತಿಗಳ ಮೇಲೆ ಪ್ರಯೋಗ ನಡೆಸಿದರು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ತಿನ್ನಿಸಿದಾಗ ಕೋತಿ ಚೇತರಿಸಿಕೊಂಡಿತು, ಬಸುರಿಯರೂ ಚೇತರಿಸಿಕೊಂಡರು. ಆಗ ಬೇರೊಂದು ಬಗೆಯ ರಕ್ತಹೀನತೆಗೆ ಕೊಡುತ್ತಿದ್ದ ಶುದ್ಧೀಕರಿಸಿದ ಲಿವರ್ ಸಾರ ಇವರಿಗೆ ನಾಟುತ್ತಿರಲಿಲ್ಲ, ಶುದ್ಧೀಕರಿಸದ ಸಾರ ನಾಟುತ್ತಿತ್ತು. ಹಾಗಾದರೆ ಇದು ಬೇರೆಯದೇ ವಸ್ತು ಎಂದು ಲೂಸಿ ಊಹಿಸಿದರು. ಯೀಸ್ಟ್ ಸಾರದ ಫಲಿತಾಂಶವನ್ನು 1931ರಲ್ಲಿ ಪ್ರಕಟಿಸಿದರು. ಲೋಕ ಅದಕ್ಕೆ ವಿಲ್ಸ್ ಫ್ಯಾಕ್ಟರ್ ಎಂದಿತು.

ಅವರು ನಮ್ಮ ಕಡೆಗೂ ಬಂದಿದ್ದರು. 1929ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿದ್ದರು. 1931ರ ಆರಂಭದಲ್ಲಿ ಮದರಾಸಿನ ಗೋಷಾ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ನೇರ ಮದರಾಸು! ಗೋಷಾ ಎಂದರೆ ಪರದೆ. ಪರದೆಯ ಹೆಂಗಸರೂ ಸಂಕೋಚವಿಲ್ಲದೆ ಬರಲೆಂದು ಕಟ್ಟಿದ ಆಸ್ಪತ್ರೆಗಳಿವು. ಬೆಂಗಳೂರಿನ ಶಿವಾಜಿನಗರದಲ್ಲಿರುವ ಹಾಜಿ ಸರ್ ಇಸ್ಮಾಯಿಲ್ ಸೇಠ್ ಗೋಷಾ ಆಸ್ಪತ್ರೆಯನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ.

1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಈ ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನ ಯೆಲ್ಲಾಪ್ರಗಡ ಸುಬ್ಬರಾವ್. ನಮ್ಮ ಮನೆಗಳ ಮಸ್ಸೊಪ್ಪಿನಲ್ಲೂ ಅದು ಧಾರಾಳವಾಗಿದೆ. ಬಹಳ ಹೊತ್ತು ಬೇಯಿಸಿ ನೀರು ಚೆಲ್ಲಿದರೆ ಬಹುಪಾಲು ಹೋಯಿತೆಂದೇ ತಿಳಿಯಿರಿ.

ಮದುವೆಯಾಗದ ಲೂಸಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ದುಡಿದು, 1964ರ ಏಪ್ರಿಲ್ 16ರಂದು ತೀರಿಕೊಂಡರು. ಬಸುರಾಗುವ ಮೊದಲಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ಹುಟ್ಟುದೋಷಗಳು ಬಹುಮಟ್ಟಿಗೆ ತಪ್ಪುತ್ತವೆ ಎಂಬುದು ಖಚಿತವಾದದ್ದು 1991ರಲ್ಲಿ, ಅವರು ಹೋಗಿ 27 ವರ್ಷಗಳ ಮೇಲೆ.