ಸಾಬೂನಿನ ಗುಟ್ಟನ್ನು ಅರಸಿದ ಮ್ಯಾಕ್‌ಬೇನ್

ನಮ್ಮ ಪುಣೆಯ ಪಾಷಾಣದಲ್ಲಿರುವ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಆದರೆ ಅದರ ಪ್ರಥಮ ನಿರ್ದೇಶಕರು ಯಾರೆಂಬುದನ್ನು ಬಲ್ಲವರು ಕೆಲವರೇ. ಅವರೇ ಜೇಮ್ಸ್ ವಿಲಿಯಂ ಮ್ಯಾಕ್‌ಬೇನ್.

ಮ್ಯಾಕ್‌ಬೇನರು 1882ನೆಯ ಇಸವಿ ಮಾರ್ಚ್ 22ರಂದು ಕೆನಡಾ ದೇಶದ ಚಾಥಮ್ ಎಂಬಲ್ಲಿ ಜನಿಸಿದರು. ಟೊರಾಂಟೊದಲ್ಲಿಯೂ ಅನಂತರ ಜರ್ಮನಿಯಲ್ಲಿಯೂ ವ್ಯಾಸಂಗ ಮಾಡಿ, 1906ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅಧ್ಯಾಪಕರಾದರು. ಅಲ್ಲಿ ಅವರು ಸಂಶೋಧನೆಗೆ ಆರಿಸಿಕೊಂಡ ವಸ್ತು ನಾವು ದಿನವೂ ಬಳಸುವ ಸಾಬೂನು!

ಸಾಬೂನನ್ನು ತೂಗಿ ನೀರಿನಲ್ಲಿ ಕರಗಿಸಿದರೆ ಎಷ್ಟು ಕಣಗಳಿರಬೇಕೆಂದು ಲೆಕ್ಕ ಹಾಕಬಹುದು. ಆದರೆ ದ್ರಾವಣದ ಆವಿಯ ಒತ್ತಡವನ್ನು ಅಳೆದಾಗ ಕಣಗಳು ಲೆಕ್ಕಕ್ಕಿಂತ ಬಹಳ ಕಡಮೆಯಾಗಿ ಕಂಡವು. ಹಾಗಿದ್ದರೂ ದ್ರಾವಣವು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತಿತ್ತು. ಈ ವಿರೋಧಕ್ಕೆ ಕಾರಣವೇನು? ಕಣಗಳು ವಿದ್ಯುದಂಶವನ್ನು ಹೊತ್ತೇ ಗುಂಪುಗೂಡುತ್ತವೆಯೆಂದು 1913ರಲ್ಲಿ ಮ್ಯಾಕ್‌ಬೇನರು ಸೂಚಿಸಿದರು. ಈ ಗುಂಪುಗಳಿಗೆ ಇಂದು ಮಿಸೆಲ್ ಎಂದು ಹೆಸರು. ವಿದ್ವಾಂಸರು ಮೊದಲು ಇದನ್ನು ಒಪ್ಪಲಿಲ್ಲ. ಅವರು ವಾದಕ್ಕೆ ನಿಲ್ಲದೆ, ಶಿಷ್ಯರೊಡನೆ ವರ್ಷಗಟ್ಟಲೆ ಅಳೆಯುತ್ತಲೇ ಹೋದರು. ಕೊನೆಗೆ ಲೋಕವು ಒಪ್ಪಿತು. 1923ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. 1939ರಲ್ಲಿ ಡೇವಿ ಪದಕವು ದೊರೆಯಿತು.

ಸಾಬೂನಿನ ಇನ್ನೊಂದು ಲೆಕ್ಕವನ್ನು ನಾವೂ ಮಾಡಬಹುದು. ಗಡಸು ನೀರಿನಲ್ಲಿ ನೊರೆ ಬಾರದೆ ಬಿಳಿಯ ಗಸಿ ಉಂಟಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅದೊಂದು ಪ್ರಕ್ಷೇಪ. ನೀರಿನ ಕ್ಯಾಲ್ಸಿಯಂ ಸಾಬೂನಿನ ಸೋಡಿಯಂ ಸ್ಟಿಯರೇಟಿನೊಡನೆ ಕೂಡಿ, ಕರಗದ ಕ್ಯಾಲ್ಸಿಯಂ ಸ್ಟಿಯರೇಟ್ ಆಗುತ್ತದೆ. ಕ್ಯಾಲ್ಸಿಯಮಿನ ಪರಮಾಣು ತೂಕ 40. ಸೋಡಿಯಂ ಸ್ಟಿಯರೇಟಿನ ಅಣುತೂಕ 306. ಅದರ ಎರಡು ಅಣುಗಳು ಬೇಕಾದುದರಿಂದ 612. ಪ್ರಕ್ಷೇಪದ ಅಣುತೂಕ 606. ಎಂದರೆ ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರಿನಲ್ಲಿ 612 ಮಿಲಿಗ್ರಾಂ ಸಾಬೂನು ವ್ಯರ್ಥವಾಗಿ, 606 ಮಿಲಿಗ್ರಾಂ ಪ್ರಕ್ಷೇಪವು ಹುಟ್ಟುತ್ತದೆ. 15 ಲೀಟರಿನ ಒಂದು ಬಕೆಟ್ಟಿಗೆ ಸುಮಾರು 9 ಗ್ರಾಂ!

ಅಮೆರಿಕೆಯ ಸ್ಟ್ಯಾನ್‌ಫರ್ಡ್‌ನಲ್ಲಿ ಬಹುಕಾಲ ದುಡಿದ ಮ್ಯಾಕ್‌ಬೇನರು, ವಿಶ್ರಾಂತಿ ಪಡೆಯಬೇಕಾದ ವಯಸ್ಸಿನಲ್ಲಿ ಪುಣೆಗೆ ಬಂದರು. ಪ್ರಯೋಗಾಲಯವು 1950ರ ಜನವರಿ 3ರಂದು ಪಂಡಿತ ನೆಹರೂ ಅವರಿಂದ ಉದ್ಘಾಟನೆಗೊಂಡಿತು. ಹೊಸ ಸಂಸ್ಥೆಯನ್ನು ನೆಲೆಗೊಳಿಸುವ ಹೊಣೆಯನ್ನು 1952ರವರೆಗೆ ಹೊತ್ತ ಅವರು, 1953ರ ಮಾರ್ಚ್ 12ರಂದು ತೀರಿಕೊಂಡರು.

ವಿದ್ಯಾರ್ಥಿಮಿತ್ರರೇ, ಪ್ರಯೋಗಶಾಲೆಯಲ್ಲಿ ನಿಮ್ಮ ಲೆಕ್ಕಕ್ಕೂ ತಕ್ಕಡಿಗೂ ತಾಳೆಯಾಗದಿದ್ದರೆ ಪುಸ್ತಕದಲ್ಲಿ ಅಂಕಿಯನ್ನು ತಿದ್ದಿಬಿಡಬೇಡಿರಿ. ಪುನಃ ಅಳೆಯಿರಿ, ಕಾರಣವನ್ನು ಹುಡುಕಿರಿ. ತಾಳೆಯಾಗದ ಒಂದು ಲೆಕ್ಕವನ್ನು ಮುಚ್ಚಿಡದಿದ್ದುದರಿಂದಲೇ ಮ್ಯಾಕ್‌ಬೇನರ ಹೆಸರು ಉಳಿದಿದೆ.